ಅಜ್ಜಿಯ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಕರಡು ಓದಿದೆ. ತೊಂಬತ್ತು ದಾಟಿ ಬದುಕಿದ ನಿನ್ನ ಅಜ್ಜಿಯ ಬಗ್ಗೆ ಬರೀಬೇಕು ಅಂತ ನಿನಗೆ ಅನಿಸಿದ್ದೇ ನನಗೆ ತುಂಬಾ ಖುಷಿ. ಆದರೆ ಮೊದಲ ಪುಟದಲ್ಲೇ ಅವರು ‘ಮಹಾ ದೈವಭಕ್ತೆ, ತ್ಯಾಗಮಯಿ’ ಆಗಿಬಿಟ್ಟಿದ್ದಾರೆ. ಇದನ್ನು ಮರಣದ ಪೂಜೆಯ ದಿನ ಯಾರೋ ಮೈಕ್ ಹಿಡಿದು ಹೇಳಿ ಆಗಿದೆ ಅಲ್ವಾ? ಆ ಭಕ್ತಿ ಮನೆಯೊಳಗೆ ಏನು ಮಾಡುತ್ತಿತ್ತು, ನೀನು ಅದನ್ನು ಬರಿ.

ಮಂಗಳೂರು ಕಡೆಯ ಕಥೊಲಿಕ ಮನೆಗಳಲ್ಲಿ ಸಂಜೆ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿಯದೆ ಊಟ ಇರಲಿಲ್ಲ. ಜಪಸರ ಮುಗಿದ ಮೇಲೆ ಚಿಕ್ಕವರೆಲ್ಲ ದೊಡ್ಡವರ ಮುಂದೆ ಕೈಮುಗಿದು ಬೆಸಾಂವ್ ಕೇಳಬೇಕು. ಬೆಳಿಗ್ಗೆ ಅತ್ತೆ ಹತ್ತಿರ ಬೈಸಿಕೊಂಡ ಸೊಸೆಯೂ ಸಂಜೆ ಅದೇ ಅತ್ತೆಯ ಆಶೀರ್ವಾದ ಕೇಳಬೇಕು. ನಿನ್ನ ಅಜ್ಜಿ ಹಾಗೆ ಕೈಮುಗಿದು ನಿಂತವರು, ಆಮೇಲೆ ತಾವೇ ಅತ್ತೆಯಾಗಿ ಬೆಸಾಂವ್ ಕೊಟ್ಟವರು. ಅವರು ಭಾರಿ ಹಟದ ಹೆಂಗಸು ಅಂತ ಫೋನಿನಲ್ಲಿ ನೀನೇ ಹೇಳಿದ್ದೆ. ಕರಡಿನಲ್ಲಿ ಅದು ಯಾಕಿಲ್ಲ? ತೀರಿಹೋದವರ ಸಿಟ್ಟು ಬರೆದರೆ ಅವರ ಮರ್ಯಾದೆ ಹೋಗುವುದಿಲ್ಲ ಮಾರಾಯ್ತಿ.

ಅವರು ಕಂಡ ಕಾಲವನ್ನೂ ಸ್ವಲ್ಪ ನೋಡು. ಅವರು ಹುಡುಗಿಯಾಗಿದ್ದಾಗ ಚರ್ಚಿನ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು, ಪಾದ್ರಿಗಳು ಪೀಠದ ಕಡೆ ಮುಖಮಾಡಿ ನಿಲ್ಲುತ್ತಿದ್ದರು, ಮಾತು ಅರ್ಥವಾಗದ ಎಷ್ಟೋ ಹೆಂಗಸರು ತಮ್ಮಷ್ಟಕ್ಕೆ ಜಪಮಣಿ ಎಣಿಸುತ್ತಾ ಕೂರುತ್ತಿದ್ದರು. 1962ರಿಂದ 1965ರವರೆಗೆ ಬಿಷಪರೆಲ್ಲ ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕೊಂಕಣಿಗೆ ಬಂತು. ಆಗ ಅಜ್ಜಿಗೆ ಮೂವತ್ತು ದಾಟಿತ್ತು. ಮನೆಮಾತಿನಲ್ಲಿ ಮೊದಲ ಸಲ ಪೂಜೆ ಕೇಳಿದಾಗ ಅವರಿಗೆ ಖುಷಿಯಾಯಿತಾ, ಇಲ್ಲ ಏನೋ ಕಳೆದುಕೊಂಡ ಹಾಗಾಯಿತಾ? ಅವರ ತಂಗಿ ಇನ್ನೂ ಇದ್ದಾರಲ್ಲ, ಕೇಳು. 1938ರಲ್ಲಿ ಶುರುವಾದ ‘ರಾಕ್ಣೊ’ ಕೊಂಕಣಿ ಪತ್ರಿಕೆ ಮನೆಗೆ ಬರುತ್ತಿತ್ತಾ, ಅದನ್ನು ಯಾರು ಗಟ್ಟಿಯಾಗಿ ಓದುತ್ತಿದ್ದರು, ಅದನ್ನೂ ಕೇಳು. 1974ರ ಭೂಸುಧಾರಣೆಗೆ ಒಂದು ವಾಕ್ಯ ಸಾಕು, ಆದರೆ ನಿಮ್ಮವರು ಒಕ್ಕಲಿದ್ದರೋ ಧಣಿಗಳೋ ಅನ್ನುವುದನ್ನು ಮುಚ್ಚಿಡಬೇಡ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು, ಅಂದರೆ ಯೇಸುವಿನ ತಾಯಿ ಮರಿಯಳು ಹುಟ್ಟಿದ ದಿನದ ತೆನೆಹಬ್ಬವನ್ನು, ಮಾತ್ರ ನಿಧಾನವಾಗಿ ಬರಿ. ಅದಕ್ಕೂ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಮಾತೆ ಮರಿಯಳಿಗೆ ಅರ್ಪಿಸುವ ಹೂ, ಹಬ್ಬದ ದಿನ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ಹೊಸ ತೆನೆ. ಆ ಕಾಳು ಸುಲಿದು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಗೆಲ್ಲ ಹಂಚಿದ ಮೇಲೇ ಊಟ. ಅವತ್ತು ಮೀನು ಮಾಂಸ ಇಲ್ಲ, ಬಾಳೆಎಲೆ ಮೇಲೆ ಬರೀ ತರಕಾರಿ. ದೂರದಲ್ಲಿರುವ ಮಕ್ಕಳಿಗೆ ಆ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸುವುದುಂಟು. ನಿನ್ನ ಅಜ್ಜಿಯೂ ಕುವೈತಿಗೆ ಕಳಿಸುತ್ತಿದ್ದರಂತೆ, ಅದನ್ನು ನೀನು ಸುಮ್ನೆ ಕಂಸದೊಳಗೆ ಹಾಕಿ ಮುಂದೆ ಹೋಗಿದ್ದೀ! ಇಡೀ ಕರಡಿನಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿದ್ದು ಅಲ್ಲೇ. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಯಾರು ಬರೆದುಕೊಡುತ್ತಿದ್ದರು? ಹಬ್ಬ ಕಳೆದು ಎಷ್ಟು ದಿನಕ್ಕೆ ಅದು ತಲುಪುತ್ತಿತ್ತು? ಕುವೈತಿನಲ್ಲಿದ್ದ ನಿನ್ನ ದೊಡ್ಡಪ್ಪ ಅದನ್ನು ಯಾವುದರಲ್ಲಿ ಕಲಸಿಕೊಂಡು ತಿಂದರು, ಒಬ್ಬರೇ ತಿಂದರಾ, ರೂಮಿನವರಿಗೂ ಕೊಟ್ಟರಾ? ಇವತ್ತೇ ಫೋನ್ ಮಾಡು, ಅವರಿಗೂ ವಯಸ್ಸಾಯಿತು.

ಅಜ್ಜಿ ಹುಟ್ಟಿದ ದಿನದ ಬಗ್ಗೆ ಮನೆಯಲ್ಲಿ ಗೊಂದಲ ಇದೆ ಅಂದೆಯಲ್ಲ, ಅವರ ತವರಿನ ಇಗರ್ಜಿಗೆ ಹೋಗಿ ಜ್ಞಾನಸ್ನಾನದ (ಬ್ಯಾಪ್ಟಿಸಂನ) ದಾಖಲೆ ಪುಸ್ತಕ ತೋರಿಸಿ ಅಂತ ಕೇಳು. ತಂದೆ ತಾಯಿಯ ಜೊತೆ ಆಗ ಮಗುವಿನ ಹೊಣೆ ಹೊತ್ತ ಜ್ಞಾನಪಿತ, ಜ್ಞಾನಮಾತೆಯರ ಹೆಸರೂ ಅದರಲ್ಲಿರುತ್ತದೆ. ಬರುವಾಗ ದೊಡ್ಡಪ್ಪನ ಮಾತು ಬರೆದುಕೊಂಡ ಪುಟಗಳನ್ನೂ ತಾ, ಕೂತು ಒಟ್ಟಿಗೆ ನೋಡೋಣ.

ನಿನ್ನ ಅಕ್ಕ