ವಿಷಯ: ಶೀಟಿನಲ್ಲಿ ನ್ಯಾನೋಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆ) ಇರುವುದನ್ನು ಸುರಕ್ಷತಾ ಮಾಹಿತಿ ಪತ್ರದಲ್ಲಿ ತಿಳಿಸದಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮಿಂದ ತರಿಸಿದ ಎಪಾಕ್ಸಿ (ಗಟ್ಟಿಯಾಗುವ ಅಂಟಿನಂಥ ರೆಸಿನ್) ಶೀಟುಗಳನ್ನು ನಮ್ಮ ವರ್ಕ್‌ಶಾಪಿನಲ್ಲಿ ಮೂರು ವಾರ ಕತ್ತರಿಸಿದ್ದೇವೆ, ಡ್ರಿಲ್ ಹಾಕಿದ್ದೇವೆ, ಅಂಚು ಉಜ್ಜಿದ್ದೇವೆ. ಎಲ್ಲವೂ ನೀರಿಲ್ಲದೆ. ಮಷಿನ್ ಮೇಲೆ ಕೂತ ಕಪ್ಪು ಧೂಳನ್ನು ಸಂಜೆ ಕಂಪ್ರೆಸರ್ ಗಾಳಿ ಹೊಡೆದು ಓಡಿಸುತ್ತಿದ್ದೆವು. ಮಾಮೂಲಿ ಧೂಳನ್ನೂ ಹಾಗೆ ಊದಬಾರದು, ಆ ತಪ್ಪು ನಮ್ಮದೇ. ಆದರೆ ಇದು ಮಾಮೂಲಿ ಧೂಳಲ್ಲ ಎಂದು ನೀವು ಹೇಳಲೇ ಇಲ್ಲವಲ್ಲ!

ಡ್ರಿಲ್ಲಿಂಗ್ ಮಾಡುವ ಹುಡುಗನೊಬ್ಬ ಪೆಟ್ಟಿಗೆಯಲ್ಲಿದ್ದ ನಿಮ್ಮ ಜಾಹೀರಾತಿನ ಹಾಳೆ ಓದಿದ. ಕಾರ್ಬನ್ ನ್ಯಾನೋಟ್ಯೂಬ್ ಬೆರೆಸಿರುವುದರಿಂದ ಶೀಟಿಗೆ ಗಟ್ಟಿತನ ಜಾಸ್ತಿ ಎಂದು ಅದರಲ್ಲಿ ದಪ್ಪಕ್ಷರದಲ್ಲಿದೆ. ಸುರಕ್ಷತಾ ಮಾಹಿತಿ ಪತ್ರದ 3ನೇ ಭಾಗದಲ್ಲಿ ಮಾತ್ರ ಬರೀ ಎಪಾಕ್ಸಿ, ಫೈಬರ್. 8ನೇ ಭಾಗದಲ್ಲಿ 'ಮಾಸ್ಕ್ ಧರಿಸಿ' ಎಂಬ ಒಂದೇ ಸಾಲು. ಯಾವ ಮಾಸ್ಕ್? ಮಾರುವಾಗ ಇದ್ದ ನ್ಯಾನೋಟ್ಯೂಬ್, ಎಚ್ಚರಿಕೆ ಹೇಳುವಾಗ ಎಲ್ಲಿ ಹೋಯಿತು?

ಫೋನ್ ಮಾಡಿದರೆ ನಿಮ್ಮವರು, 'ಟ್ಯೂಬು ರೆಸಿನ್ ಒಳಗೆ ಅಂಟಿಕೊಂಡಿರುತ್ತೆ, ಹೊರಗೆ ಬರಲ್ಲ' ಎಂದರು. ಇಡೀ ಶೀಟಿನ ಮಟ್ಟಿಗೆ ಸರಿ. ಕತ್ತರಿಸುವಾಗಲೂ ಹೆಚ್ಚಾಗಿ ಹಾರುವುದು ಟ್ಯೂಬು ಹುದುಗಿರುವ ರೆಸಿನ್ ಚೂರುಗಳೇ ಇರಬಹುದು. ಆದರೆ ಆ ಚೂರುಗಳಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣವೂ ಇರುತ್ತವೆ, ಕೆಲವುಗಳ ಮೈಯಿಂದ ಟ್ಯೂಬಿನ ತುದಿ ಹೊರಗೆ ಚಾಚಿರಬಹುದು. ಎಷ್ಟು ಹಾರುತ್ತದೆ ಎಂಬುದು ಬ್ಲೇಡು, ವೇಗ, ಬಿಸಿ, ನೀರು ಇವುಗಳ ಮೇಲೆ ನಿಂತಿದೆ. ನೀವು ಅಳೆದು ನೋಡಿದ್ದೀರಾ? ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 2013ರಲ್ಲಿ ಕಾರ್ಬನ್ ನ್ಯಾನೋಟ್ಯೂಬಿಗೆ ಶಿಫಾರಸು ಮಾಡಿದ ಮಿತಿ, 8 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಕಣ್ಣಿಗೆ ಕಾಣುವ ಕಪ್ಪು ಧೂಳಿನ ಮಧ್ಯೆ ನಿಂತವನಿಗೆ ಇದೆಷ್ಟು ಕಡಿಮೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹುಡುಗರನ್ನು ತಪಾಸಣೆಗೆ ಕರೆದೊಯ್ದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ಯಾವ ಜಾತಿಯ ಟ್ಯೂಬು?' ನಮ್ಮಲ್ಲಿ ಉತ್ತರ ಇರಲಿಲ್ಲ. ಅವರು ಸುಮ್ನೆ ಕೇಳಲಿಲ್ಲ. ಬಹುಪದರದ ಟ್ಯೂಬುಗಳಲ್ಲಿ ಒಂದು ಬಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿದೆ, ಉಳಿದವನ್ನು ಆಗ ಸೇರಿಸಲಿಲ್ಲ.

ಸದ್ಯ ಕೆಲಸ ನಿಲ್ಲಿಸಿದ್ದೇವೆ. ಗಾಳಿ ಹೊಡೆಯುವುದು, ಒಣ ಪೊರಕೆ ಎರಡೂ ಬಂದ್. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮಿನಿಂದ ತೆಗೆದ ಧೂಳನ್ನು ಚೀಲಕ್ಕೆ ಕಟ್ಟಿಟ್ಟಿದ್ದೇವೆ. ಅದನ್ನು ಏನು ಮಾಡಬೇಕು ಎಂಬುದನ್ನೂ ನೀವೇ ಹೇಳಬೇಕು.

ತಿದ್ದಿದ ಮಾಹಿತಿ ಪತ್ರ, ಒಣ ಮತ್ತು ಒದ್ದೆ ಕತ್ತರಿಕೆಯ ಧೂಳಿನ ಅಳತೆ, ಇವನ್ನು 15 ದಿನದೊಳಗೆ ಕಳಿಸಿ. ತೆರೆಯದ ಪೆಟ್ಟಿಗೆಗಳನ್ನು ವಾಪಸ್ ತೆಗೆದುಕೊಂಡು ಹಣ ಕೊಡಿ. ಟ್ಯೂಬಿನ ಜಾತಿ ಮತ್ತು ಪ್ರಮಾಣಕ್ಕೆ ಮಾತ್ರ 15 ದಿನ ಕಾಯಲಾಗದು. ಡಾಕ್ಟರಿಗೆ ಕೊಡಬೇಕು, ನಾಳೆಯೇ ತಿಳಿಸಿ.

ಇಂತಿ,
ವರ್ಕ್‌ಶಾಪ್ ಮೇಲ್ವಿಚಾರಕ