ಲೆಕ್ಕ ಕೊಡದವರಿಗೆ ಇನ್ನಷ್ಟು ಹಣ ಏಕೆ?

ಅಮೆರಿಕದ ರಕ್ಷಣಾ ವೆಚ್ಚ ಮತ್ತೆ ಏರುತ್ತಿರುವ ವರದಿ ಓದಿ ಬೇಸರವಾಯಿತು. ಅಲ್ಲಿ ಹಣಕ್ಕಿಂತ ಜಾಸ್ತಿ ಬೇಕಿರುವುದು ಲೆಕ್ಕ. ಇರಾಕ್, ಅಫ್ಗಾನಿಸ್ತಾನ ಯುದ್ಧಗಳಲ್ಲಿ ಊಟ, ಸಾಗಣೆಯಿಂದ ಹಿಡಿದು ಸಶಸ್ತ್ರ ಕಾವಲಿನವರೆಗೂ ಖಾಸಗಿ ಗುತ್ತಿಗೆದಾರರೇ ತುಂಬಿದ್ದರು. ಈ ಗುತ್ತಿಗೆಗಳಲ್ಲಿ 3,100 ಕೋಟಿಯಿಂದ 6,000 ಕೋಟಿ ಡಾಲರ್ ಪೋಲು, ವಂಚನೆಗೆ ಹೋಗಿದೆ ಎಂದು ಅಮೆರಿಕದ ಸಂಸತ್ತು ರಚಿಸಿದ ಆಯೋಗವೇ 2011ರಲ್ಲಿ ಹೇಳಿತ್ತು.

ಹಣ ಹೋದರೆ ಹೋಗಲಿ, ಜೀವ? 2007ರಲ್ಲಿ ಬಾಗ್ದಾದ್‌ನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಎಂಬ ಅಮೆರಿಕದ ಗುತ್ತಿಗೆ ಕಂಪನಿಯ ಕಾವಲುಗಾರರ ಗುಂಡಿಗೆ 17 ಇರಾಕಿಗಳು ಸತ್ತರು. ಶಿಕ್ಷೆಯಾದ ನಾಲ್ವರಿಗೂ 2020ರಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಸತ್ತವರ ಮನೆಯವರಿಗೆ ಇದು ಅನ್ಯಾಯ ಅಲ್ವಾ?

ಬಂದೂಕು ಹಿಡಿಯುವ ಕೆಲಸವನ್ನು ಗುತ್ತಿಗೆಗೆ ಕೊಡುವುದನ್ನು ಮೊದಲು ನಿಲ್ಲಿಸಬೇಕು. 2018ರಿಂದ ಒಮ್ಮೆಯೂ ಲೆಕ್ಕಪರಿಶೋಧನೆ ಪಾಸಾಗದ ಪೆಂಟಗನ್‌ಗೆ (ಅಮೆರಿಕದ ರಕ್ಷಣಾ ಇಲಾಖೆಗೆ), ಲೆಕ್ಕ ಸರಿಯಾಗುವವರೆಗೆ ಹೆಚ್ಚುವರಿ ಹಣ ಕೊಡಬಾರದು.