ಕಲಾವಿದರ ನೆನಪಿನ ವಸ್ತುಗಳಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಅವರಿಗೆ 70 ತುಂಬಿದ ದಿನ, 1969ರ ಏಪ್ರಿಲ್ 29ರಂದು, ಅಮೆರಿಕದ ಅಧ್ಯಕ್ಷ ನಿಕ್ಸನ್ ಶ್ವೇತಭವನದಲ್ಲಿ ಅತ್ಯುನ್ನತ ನಾಗರಿಕ ಪದಕ ನೀಡಿದರು. ಇಂಥ ಸಮಾರಂಭಗಳಿಂದ ಅಧಿಕಾರಸ್ಥರಿಗೂ ಹೆಸರು ಬರುತ್ತದೆ, ಇರಲಿ. ಅದಕ್ಕಿಂತ ಮಿಗಿಲಾದ ಗೌರವವೆಂದರೆ, 1988ರಲ್ಲಿ ಎಲಿಂಗ್ಟನ್ ಅವರ ಕೈಬರಹದ ಸ್ವರಲಿಪಿ, ಛಾಯಾಚಿತ್ರ, ಧ್ವನಿಮುದ್ರಣಗಳು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿ ಸಂಶೋಧಕರಿಗೆ ದೊರೆಯುವಂತಾದದ್ದು.

ಕೊಡಗಿನಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ ವಸ್ತುಸಂಗ್ರಹಾಲಯವಾಗಿದೆ. ಕೊಡವರ ಜಾನಪದ ನೃತ್ಯವಾದ ಉಮ್ಮತ್ತಾಟ್‌ನ ಕಲಾವಿದೆ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಆದರೆ ಹಳೆಯ ಹಾಡುಗಾರರ ದುಡಿ ಎಂಬ ಪುಟ್ಟ ವಾದ್ಯದ ಚರ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಸನ್ಮಾನಪತ್ರಗಳು ಗೋಡೆಯ ಮೇಲೆಯೇ ಗೆದ್ದಲಿನ ಪಾಲಾಗುತ್ತವೆ. ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇವುಗಳಿಗೆಂದೇ, ತೇವ ತಾಗದಂಥ ಒಂದು ವಿಭಾಗವನ್ನು ಸಂಬಂಧಪಟ್ಟವರು ತೆರೆಯಬೇಕೆಂದು ಕೋರುತ್ತೇನೆ.

– ಓದುಗ, ವಿರಾಜಪೇಟೆ